ಇಪ್ಪತ್ತಮೂರು ಅಡಿಯೊಳಗೆ ಅಡಗಿದ್ದ ಕತ್ತೆ

ಬಟ್ಟೆ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಹೇಳುವ ಮೊದಲ ಬುದ್ಧಿಮಾತು: ಗಿರಾಕಿ ಬಾಯಲ್ಲಿ ಹೇಳುವ ಅಳತೆಯನ್ನು ನಂಬಬೇಡಿ. ‘ಕಿಟಕಿ ಐದಡಿ’ ಎಂದು ಹೇಳಿ ಪರದೆ ಹೊಲಿಸಿಕೊಂಡು ಹೋದವರೇ ಮಾರನೆಯ ದಿನ ‘ಮೂರು ಬೆರಳು ಸಾಲದೆ ಬಂತು’ ಎಂದು ಹಿಂದಕ್ಕೆ ತರುತ್ತಾರೆ. ಜಗಳವಾಡಿ ಪ್ರಯೋಜನವಿಲ್ಲ. ಅವರು ಐದಡಿ ಅಂದಾಗಲೇ ನಾಲ್ಕು ಬೆರಳು ಹೆಚ್ಚಿಗೆ ಕತ್ತರಿಸಿಟ್ಟುಕೊಳ್ಳಬೇಕು. ಪರದೆ ಉದ್ದವಾದರೆ ಮಡಚಿ ಹೊಲಿಯಬಹುದು, ಗಿಡ್ಡವಾದರೆ ಎಳೆದು ಬೆಳೆಸಲಾಗುವುದಿಲ್ಲ. ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಓಡಾಡಿ, ಮನೆಮನೆಯ ಬಾಗಿಲು ತಟ್ಟಿ ಕಲಿತ ಪಾಠ ಇದು. ಈಗ ಶಿವಮೊಗ್ಗದಲ್ಲಿ ನನ್ನದೇ ಅಂಗಡಿ ಇದೆ, ರವೀಂದ್ರನಗರದಲ್ಲಿ ಮನೆ ಇದೆ.

ನನ್ನ ಅಕ್ಕನಿಗೆ ಮಾತ್ರ ಸ್ವಂತ ಮನೆ ಇರಲಿಲ್ಲ. ಅವಳು ಭದ್ರಾವತಿಯ ಜನ್ನಾಪುರದಲ್ಲಿ ಹೊಲಿಗೆ ಕ್ಲಾಸ್ ನಡೆಸುತ್ತಾಳೆ. ನಾಲ್ಕು ಹೊಲಿಗೆ ಮಿಷಿನ್ ಒಟ್ಟಿಗೆ ಓಡಿದರೆ ಎಂಥ ಸದ್ದು ಬರುತ್ತದೆ ಎನ್ನುವುದು ಅವಳ ಮನೆ ಮಾಲೀಕರಿಗೆಲ್ಲ ಚೆನ್ನಾಗಿ ಗೊತ್ತು. ಅದೇ ಕಾರಣಕ್ಕೆ ಐದು ಬಾಡಿಗೆ ಮನೆ ಬಿಟ್ಟಿದ್ದಳು. ಆರನೆಯ ಮನೆಯವರು ಮೊದಮೊದಲು ‘ಮಧ್ಯಾಹ್ನ ಒಂದು ಸ್ವಲ್ಪ ಹೊತ್ತು ನಿಲ್ಸಿ’ ಅಂದರು. ಆಮೇಲೆ ‘ಎರಡೇ ಮಿಷಿನ್ ಓಡಿಸಿ’ ಅಂದರು. ಕೊನೆಗೆ ‘ಯುಗಾದಿ ಒಳಗೆ ಬೇರೆ ಮನೆ ನೋಡ್ಕೊಳ್ಳಿ’ ಅಂದರು. ಕ್ಲಾಸಿಗೆ ಬರುತ್ತಿದ್ದ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದರು. ಇನ್ನೊಂದು ಸಲ ಬಾಡಿಗೆ ಮನೆಗೆ ಹೋದರೆ ಕ್ಲಾಸು ಮುಚ್ಚಿದಂತೆಯೇ ಎಂದು ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಗ ಎರಡು ಬೀದಿ ಆಚೆ ಒಂದು ಮನೆ ಮಾರಾಟಕ್ಕಿದೆ ಎಂದು ತಿಳಿಯಿತು. ಮನೆ ಒಬ್ಬ ಸಾಬರದ್ದು. ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಕಬ್ಬಿಣದ ತುಂಡನ್ನು ಲೇತ್ ಮಿಷಿನ್ನಿಗೆ ಸಿಕ್ಕಿಸಿ ಬೇಕಾದ ಅಳತೆಗೆ ಕಡೆಯುವುದೇ ಜೀವಮಾನದ ಕೆಲಸ. ನಿವೃತ್ತಿಯಾಗಿ, ಹೆಂಡತಿಯ ಜೊತೆ ಶಿವಮೊಗ್ಗದಲ್ಲಿರುವ ಮಗಳ ಪಕ್ಕದ ಮನೆಗೆ ಹೋಗುವವರಿದ್ದರು. ಗಟ್ಟಿ ಗೋಡೆ, ಮುಂದೆ ದೊಡ್ಡ ಹಾಲ್, ಹಾಲಿನಲ್ಲಿ ಬೆಳಕು ಚೆಲ್ಲುವ ಅಗಲ ಕಿಟಕಿ. ಸುತ್ತ ನಾಲ್ಕು ಕಡೆ ಖಾಲಿ ಜಾಗ ಇದ್ದುದರಿಂದ ಯಾರ ಗೋಡೆಗೂ ಅಂಟಿಕೊಂಡಿರಲಿಲ್ಲ. ಅಕ್ಕ ಕಿಟಕಿಯ ಹತ್ತಿರ ನಿಂತವಳು ಅಲ್ಲಿಂದ ಕದಲಲೇ ಇಲ್ಲ. ನಾನು ಅವಳ ಕೈ ಚಿವುಟಿದೆ. ಮನೆ ನೋಡಲು ಹೋದಾಗ ಮುಖದಲ್ಲಿ ಆಸೆ ಕಾಣಿಸಬಾರದು. ಕಂಡರೆ ಬೆಲೆ ಇಳಿಯುವುದಿಲ್ಲ.

ಬೆಲೆಯನ್ನು ನಾನು ನೋಡಿಕೊಳ್ಳುತ್ತಿದ್ದೆ. ತೊಡಕು ಬಂದದ್ದು ಭಾವನಿಂದ. ಅಕ್ಕನ ಗಂಡ ಹೊಳೆಹೊನ್ನೂರಿನ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಜಗಳವಾಡುವವರಲ್ಲ, ದುಂದು ಮಾಡುವವರಲ್ಲ. ಆದರೆ ಆಯ ನೋಡದೆ ಮನೆ ಮುಟ್ಟುವವರೂ ಅಲ್ಲ. ಆಯ ಎಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಮನೆಯ ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸಬೇಕು. ಉಳಿಯುವ ಶೇಷವೇ ಆ ಮನೆಯ ಆಯ. ಒಂದು ಉಳಿದರೆ ಧ್ವಜ, ಎರಡು ಉಳಿದರೆ ಹೊಗೆ, ಮೂರಕ್ಕೆ ಸಿಂಹ, ನಾಲ್ಕಕ್ಕೆ ನಾಯಿ, ಐದಕ್ಕೆ ವೃಷಭ, ಆರಕ್ಕೆ ಕತ್ತೆ, ಏಳಕ್ಕೆ ಆನೆ. ಏನೂ ಉಳಿಯದಿದ್ದರೆ ಕಾಗೆ. ಬೆಸ ಸಂಖ್ಯೆ ಬಂದರೆ ಮನೆ ಒಳ್ಳೆಯದು, ಸಮ ಬಂದರೆ ಕೆಟ್ಟದ್ದು. ಭಾವನ ಕಪಾಟಿನ ಪಂಚಾಂಗದ ಹಿಂದಿನ ಪುಟದಲ್ಲಿ ಇದೆಲ್ಲ ಇದೆ.

ಮನೆ ನೋಡಲು ಹೋದ ದಿನವೇ ಭಾವ ಟೇಪು ತಂದಿದ್ದರು. ನನ್ನ ಮಗಳೂ ಬಂದಿದ್ದಳು, ಹೈಸ್ಕೂಲು ಓದುತ್ತಾಳೆ. ಅವಳ ಕೈಗೆ ಟೇಪಿನ ಒಂದು ತುದಿ ಕೊಟ್ಟು ಭಾವ ಹೊರಗೋಡೆಯ ಉದ್ದಕ್ಕೂ ನಡೆದರು.

“ಇಪ್ಪತ್ಮೂರು!” ಎಂದು ಆ ಮೂಲೆಯಿಂದ ಕೂಗಿದರು.

“ದೊಡ್ಡಪ್ಪ, ಇಂಚು?”

“ಇಂಚು ಗಿಂಚು ಎಲ್ಲ ಬೇಡ. ಇಪ್ಪತ್ಮೂರು ಹತ್ರ ಇದೆ, ಇಪ್ಪತ್ಮೂರು ಅನ್ಕೋ.”

ಇನ್ನೊಂದು ಗೋಡೆ ಹೀಗೆಯೇ ಮೂವತ್ತನಾಲ್ಕು ಆಯಿತು. ಇಪ್ಪತ್ತಮೂರನ್ನು ಮೂವತ್ತನಾಲ್ಕರಿಂದ ಗುಣಿಸಿದರೆ ಏಳುನೂರ ಎಂಬತ್ತೆರಡು. ಎಂಟರಿಂದ ಭಾಗಿಸಿದರೆ ಆರು ಉಳಿಯುತ್ತದೆ.

“ಖರಾಯ,” ಎಂದರು ಭಾವ, ಟೇಪು ಸುತ್ತುತ್ತಾ. “ಕತ್ತೆ. ಈ ಮನೆ ನಮಗಲ್ಲ.”

ಅಕ್ಕ ಕಿಟಕಿಯ ಸರಳಿನ ಮೇಲಿದ್ದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು.

ನಾನಾದರೋ ಸಿಕ್ಕಿದ ಕತ್ತೆಯನ್ನು ಬಿಡುವವಳಲ್ಲ. ಭಾವನನ್ನು ಆಮೇಲೆ ಒಪ್ಪಿಸಿದರಾಯಿತು, ಅಷ್ಟರೊಳಗೆ ಇದು ಬೆಲೆ ಇಳಿಸಲು ಒದಗಿದರೆ ಒದಗಲಿ ಎಂದುಕೊಂಡು ಹಿತ್ತಲಲ್ಲಿ ಕರಿಬೇವು ಕೀಳುತ್ತಿದ್ದ ಸಾಬರ ಹತ್ತಿರ ಹೋದೆ.

“ಸಾಬ್ರೇ, ನಿಮ್ಮ ಮನೆದು ಕತ್ತೆ ಆಯ ಬಂದಿದೆ.”

“ಹೌದಾ? ಸರಿಯಾಗೇ ಹೇಳಿದೆ ಬಿಡಿ ಅಮ್ಮ. ಈ ಮನೆ ಕಟ್ಟೋಕೆ ನಾನು ದುಡಿದದ್ದು ಕತ್ತೆ ಹಂಗೇ.”

“ನಗಬೇಡಿ. ಇದನ್ನ ಕೇಳಿದ್ರೆ ನಮ್ಮ ಕಡೆಯೋರು ಯಾರೂ ಈ ಮನೆ ತಗೊಳಲ್ಲ. ನಾವಾದ್ರೆ ಹೆಂಗೋ ಹೊಂದ್ಕೋತೀವಿ. ನೀವೂ ಸ್ವಲ್ಪ ಹೊಂದ್ಕೋಬೇಕು.”

ಅರ್ಧ ಗಂಟೆ ಎಳೆದಾಡಿದೆವು. ಕೊನೆಗೆ ಅವರು ಕರಿಬೇವಿನ ಎಸಳನ್ನು ನನ್ನ ಕೈಗಿಟ್ಟು, “ಕತ್ತೆ ಲೆಕ್ಕಕ್ಕೆ ಅರವತ್ತು ಸಾವಿರ ಬಿಡ್ತೀನಿ. ಮೇಲೆ ಕೇಳ್ಬೇಡಿ,” ಎಂದರು. ಮನಸ್ಸಿನಲ್ಲೇ ಬೀಗುತ್ತಾ ಶಿವಮೊಗ್ಗದ ಬಸ್ಸು ಹತ್ತಿದೆ. ಆದರೆ ಬೈಪಾಸು ದಾಟುವ ಹೊತ್ತಿಗೆ ಹಿಗ್ಗು ಇಳಿಯಿತು. ಬೆಲೆ ಇಳಿಸಿದ್ದೆ ನಿಜ, ಆದರೆ ಅದೇ ಕತ್ತೆಯನ್ನು ಭಾವನ ತಲೆಯಿಂದ ಓಡಿಸುವುದು ಹೇಗೆ? ಓಡಿಸದಿದ್ದರೆ ಅಕ್ಕನಿಗೆ ಮನೆ ಇಲ್ಲ. ಮನೆ ಇಲ್ಲದ ಮೇಲೆ ನನ್ನ ಅರವತ್ತು ಸಾವಿರದ ಚೌಕಾಸಿ ಯಾರಿಗೆ ಬೇಕು?

ಎರಡು ದಿನ ಕಳೆದ ಮೇಲೆ ಒಂದು ಸಂಜೆ ಮಗಳು ಊಟದ ಮೇಜಿನ ಮೇಲೆ ಗಣಿತದ ಹಾಳೆ ಹರಡಿಕೊಂಡು ಕೂತಿದ್ದಳು. ಅವರ ಶಾಲೆಗೆ ಹೊಸದಾಗಿ ಬಂದ ಟೀಚರು ಪುಸ್ತಕದಲ್ಲಿ ಇಲ್ಲದ ಲೆಕ್ಕವನ್ನೂ ಕೊಡುತ್ತಾರೆ. ನಾನು ಹುರುಳಿಕಾಯಿ ಸೋಸುತ್ತಾ ಪಕ್ಕದಲ್ಲಿದ್ದೆ.

“ಅಮ್ಮ, ಇದು ಕೇಳು. ಒಂದು ಟೈಲ್ಸಿನ ಉದ್ದ ಮೂವತ್ತು ಸೆಂಟಿಮೀಟರ್, ಹತ್ತಿರದ ಸೆಂಟಿಮೀಟರ್‌ಗೆ ಸರಿಹೊಂದಿಸಿದ್ದು. ನಿಜವಾದ ಉದ್ದ ಎಷ್ಟಿರ್ಬೋದು?”

“ಮೂವತ್ತು ಅಂತ ಅವರೇ ಹೇಳಿದ್ರಲ್ಲೇ. ಇನ್ನೇನು ಕಂಡುಹಿಡಿಯೋದು?”

“ಅಲ್ಲಮ್ಮ. ಇಪ್ಪತ್ತೊಂಬತ್ತೂವರೆ ಇದ್ರೂ ಮೂವತ್ತು ಅಂತಾನೇ ಬರೀತಾರೆ. ಮೂವತ್ತೂವರೆಗೆ ಒಂದು ಕೂದಲೆಳೆ ಕಮ್ಮಿ ಇದ್ರೂ ಮೂವತ್ತು ಅಂತಾನೇ ಬರೀತಾರೆ. ಅಂದ್ರೆ ಈ ಎರಡರ ಮಧ್ಯ ಎಲ್ಲಾದ್ರೂ ಇರ್ಬೋದು. ಇದಕ್ಕೆ ಎರರ್ ಇಂಟರ್ವಲ್ ಅಂತಾರೆ, ದೋಷದ ವ್ಯಾಪ್ತಿ.”

“ಸರಿಯಾಗಿ ಮೂವತ್ತೂವರೆನೇ ಇದ್ರೆ?”

“ಆಗ ಮೂವತ್ತೊಂದು ಅಂತ ಬರೀತಾರೆ. ಕೆಳಗಿನ ಗಡಿ ಸೇರುತ್ತೆ, ಮೇಲಿನ ಗಡಿ ಸೇರಲ್ಲ.”

ಇಷ್ಟು ವರ್ಷ ನಾನು ಪರದೆಗೆ ನಾಲ್ಕು ಬೆರಳು ಹೆಚ್ಚು ಬಿಡುತ್ತಾ ಬಂದ ಉಪಾಯಕ್ಕೆ ಶಾಲೆಯಲ್ಲಿ ಒಂದು ಹೆಸರೇ ಇದೆ ಎಂದು ತಿಳಿದು ಹುರುಳಿಕಾಯಿ ಕೆಳಗಿಟ್ಟೆ. ತಕ್ಷಣ ಹೊಳೆಯಿತು.

“ಹಂಗಾದ್ರೆ ನಿನ್ನ ದೊಡ್ಡಪ್ಪ ಇಪ್ಪತ್ಮೂರು ಅಂದ್ರಲ್ಲ, ಅದು?”

ಅವಳು ಪೆನ್ಸಿಲ್ ಕಚ್ಚಿಕೊಂಡು ನನ್ನನ್ನೇ ನೋಡಿದಳು. ಆಮೇಲೆ ಟೈಲ್ಸನ್ನು ಬದಿಗೆ ಸರಿಸಿ ಹೊಸ ಹಾಳೆ ತೆಗೆದಳು. ಹತ್ತಿರದ ಅಡಿಗೆ ಇಪ್ಪತ್ತಮೂರು ಎಂದರೆ ಇಪ್ಪತ್ತೆರಡೂವರೆಯಿಂದ ಇಪ್ಪತ್ತಮೂರೂವರೆಯ ಒಳಗೆ. ಮೂವತ್ತನಾಲ್ಕು ಎಂದರೆ ಮೂವತ್ತಮೂರೂವರೆಯಿಂದ ಮೂವತ್ತನಾಲ್ಕೂವರೆಯ ಒಳಗೆ. ಚಿಕ್ಕದನ್ನು ಚಿಕ್ಕದರಿಂದ ಗುಣಿಸಿದಳು, ದೊಡ್ಡದನ್ನು ದೊಡ್ಡದರಿಂದ ಗುಣಿಸಿದಳು. ಮನೆಯ ವಿಸ್ತೀರ್ಣ ಏಳುನೂರ ಐವತ್ತಮೂರು ಮುಕ್ಕಾಲು ಚದರಡಿಯಿಂದ ಎಂಟುನೂರ ಹತ್ತು ಮುಕ್ಕಾಲರವರೆಗೆ ಎಲ್ಲಾದರೂ ಇರಬಹುದು ಎಂದು ಬಂತು.

“ಐವತ್ತೇಳು ಅಡಿ ಆಚೀಚೆ ಇದೆಯಮ್ಮ! ಎಂಟು ಅಡಿಗೊಂದು ಸಲ ಎಲ್ಲಾ ಆಯನೂ ಬಂದುಹೋಗುತ್ತೆ. ಅಂದ್ರೆ ಧ್ವಜದಿಂದ ಕಾಗೆವರೆಗೆ ಎಲ್ಲವೂ ಏಳು ಸುತ್ತು ಸುತ್ತಿವೆ. ದೊಡ್ಡಪ್ಪ ಅದ್ರಲ್ಲಿ ಕತ್ತೆನ ಮಾತ್ರ ಹಿಡ್ಕೊಂಡು ಬಂದಿದಾರೆ.”

ಅವಳಿಗೆ ಆ ದಿನ ಊಟಕ್ಕೆ ಹೋಳಿಗೆ ಮಾಡಿಕೊಟ್ಟೆ. ಮಕ್ಕಳ ಓದಿಗೆ ಖರ್ಚು ಮಾಡುವಾಗ ಯಾರೂ ಹಿಂದೆಮುಂದೆ ನೋಡಬೇಡಿ, ಯಾವ ಲೆಕ್ಕ ಯಾವಾಗ ಕೈ ಹಿಡಿಯುತ್ತದೋ ಹೇಳಲಾಗುವುದಿಲ್ಲ.

ಭಾನುವಾರ ಬೆಳಿಗ್ಗೆ ಜನ್ನಾಪುರಕ್ಕೆ ಹೋದೆವು. ಮಗಳು ತಾನು ಬರೆದ ಹಾಳೆಯನ್ನು ಭಾವನ ಪಂಚಾಂಗದ ಪಕ್ಕದಲ್ಲೇ ಇಟ್ಟು ವಿವರಿಸಿದಳು. ಭಾವ ಸಾವಧಾನವಾಗಿ ಕೇಳಿದರು, ಎರಡು ಸಲ ತಾವೇ ಗುಣಿಸಿ ನೋಡಿದರು. ಇನ್ನೇನು ಒಪ್ಪಿದರು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಎದ್ದು ಅಂಗಿ ತೊಟ್ಟು, ಪಂಚಾಂಗ ಕೈಗೆತ್ತಿಕೊಂಡರು.

“ಮಗು ಹೇಳೋದು ಸರಿ. ನಾನು ಒರಟಾಗಿ ಅಳೆದೆ. ನಡೀರಿ, ಸರಿಯಾಗಿ ಅಳೆಯೋಣ.”

ಒರಟು ಅಳತೆಯಲ್ಲಿ ಎಂಟೂ ಆಯಗಳಿದ್ದವು. ಅಳತೆ ನಯವಾದಷ್ಟೂ ಅವು ಒಂದೊಂದಾಗಿ ಜಾಗ ಖಾಲಿ ಮಾಡುತ್ತವೆ. ಕಡೆಗೆ ಉಳಿದದ್ದು ಕತ್ತೆಯೇ ಆದರೆ? ದಾರಿಯಲ್ಲಿ ಮಗಳ ಕಿವಿಯಲ್ಲಿ ಪಿಸುಗುಟ್ಟಿದೆ: “ಇಲ್ಲಿಗೆ ಸಾಕು ಕಣೇ. ಟೇಪು ಹಿಡಿಯೋಕೆ ಆಗಲ್ಲ ಅನ್ನು.”

“ಲೆಕ್ಕನ ಅರ್ಧಕ್ಕೆ ಬಿಡೋಕೆ ಆಗಲ್ಲಮ್ಮ.”

ಸಾಬರ ಮುಂದೆ ಕತ್ತೆ ಇರಬೇಕು, ಭಾವನ ಮುಂದೆ ಇರಬಾರದು. ಇಬ್ಬರನ್ನೂ ಒಂದೇ ಅಂಗಳದಲ್ಲಿ ನಿಲ್ಲಿಸಿ ಮಾತಾಡುವ ಗಳಿಗೆ ಬರುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಆ ವಿಷಯದಲ್ಲಿ ಯಾರೂ ನನ್ನನ್ನು ಅನುಸರಿಸಬೇಡಿ.

ಅಳತೆ ಎಂದ ಕೂಡಲೇ ಸಾಬರಿಗೆ ಹುರುಪು ಬಂತು. ಒಳಗಿನಿಂದ ಉಕ್ಕಿನ ಟೇಪು ತಂದು, ಲುಂಗಿ ಎತ್ತಿ ಕಟ್ಟಿ, ನನ್ನ ಮಗಳನ್ನು ಕರೆದರು. “ಬಾ ಬೇಟಿ, ನೀನು ಸೊನ್ನೆ ಹಿಡಿ. ಟೇಪು ಜೋತು ಬೀಳಬಾರದು. ಹಾಂ, ಹಂಗೆ.” ಮುಂದಿನ ಗೋಡೆ ಇಪ್ಪತ್ತೆರಡು ಅಡಿ ಹತ್ತು ಇಂಚು. ಪಕ್ಕದ ಗೋಡೆ ಮೂವತ್ತನಾಲ್ಕು ಅಡಿ ಮೂರು ಇಂಚು. ಭಾವ ಎಲ್ಲವನ್ನೂ ಇಂಚಿಗಿಳಿಸಿ, ಗುಣಿಸಿ, ಮತ್ತೆ ಅಡಿಗೇರಿಸಿದರು. ಚಿಲ್ಲರೆ ಬಿಟ್ಟು ಏಳುನೂರ ಎಂಬತ್ತೆರಡೇ ಬಂತು!

“ನೋಡಿದ್ಯಾ ಮಾರಾಯ್ತಿ,” ಎಂದು ಭಾವ ನನ್ನ ಕಡೆ ತಿರುಗಿದರು. “ಹೆಂಗೆ ಅಳೆದ್ರೂ ಕತ್ತೆ ಕತ್ತೆನೇ.”

“ಇಲ್ಲ ದೊಡ್ಡಪ್ಪ,” ಎಂದಳು ಮಗಳು. “ಇದೂ ಹತ್ತಿರದ ಇಂಚಿಗೆ ಅಲ್ವಾ? ಇದಕ್ಕೂ ಆ ಕಡೆ ಅರ್ಧ ಇಂಚು, ಈ ಕಡೆ ಅರ್ಧ ಇಂಚು ಇರುತ್ತೆ.” ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಗುಣಿಸಿದಳು. ಕೆಳಗಿನ ಗಡಿ ಏಳುನೂರ ಎಪ್ಪತ್ತೊಂಬತ್ತು ಚಿಲ್ಲರೆ, ಮೇಲಿನದು ಏಳುನೂರ ಎಂಬತ್ತನಾಲ್ಕು ಚಿಲ್ಲರೆ. “ಧ್ವಜ ಹೋಯ್ತು, ಹೊಗೆ ಹೋಯ್ತು. ಜೀವ ಇರೋವೆಲ್ಲ ಇನ್ನೂ ಇಲ್ಲೇ ಇದಾವೆ. ಸಿಂಹ, ನಾಯಿ, ವೃಷಭ, ಕತ್ತೆ, ಆನೆ, ಕಾಗೆ.”

ಸಾಬರಿಗೆ ಖುಷಿಯೋ ಖುಷಿ. “ಅರೆ, ಇದು ನಮ್ಮ ಟಾಲರೆನ್ಸು! ಕಾರ್ಖಾನೇಲಿ ನಕ್ಷೆ ಕೊಡೋರು ಬರೀ ಅಳತೆ ಬರೆದ್ರೆ ನಾವು ಕೆಲಸಾನೇ ಮುಟ್ತಿರ್ಲಿಲ್ಲ. ಎಷ್ಟು ಹೆಚ್ಚಿರ್ಬೋದು, ಎಷ್ಟು ಕಮ್ಮಿ ಇರ್ಬೋದು, ಅದನ್ನೂ ಬರೀಬೇಕು. ಮೇಸ್ತ್ರಿ, ಇನ್ನೂ ಸಣ್ಣಕ್ಕೆ ಹೋಗೋಣ್ವಾ? ಮಿಲಿಮೀಟರಿಗೆ?”

“ಬೇಡ!” ಎಂದು ನಾನು ಕಿರುಚಿದ್ದು ಬೀದಿಗೆ ಕೇಳಿಸಿರಬೇಕು.

ಸಾಬರು ಅಷ್ಟರಲ್ಲಿ ಹಿಂದಿನ ಗೋಡೆಗೆ ಹೋಗಿದ್ದರು. ಅಲ್ಲಿಂದ ನಗುತ್ತಾ ಬಂದರು. “ಮಿಲಿಮೀಟರಿಗೆ ಹೋಗಿ ಉಪಯೋಗ ಇಲ್ಲ ಮೇಸ್ತ್ರಿ. ಹಿಂದಿನ ಗೋಡೆ ಇಪ್ಪತ್ತೆರಡು ಹನ್ನೊಂದು ಇದೆ. ಮುಂದಿನದಕ್ಕಿಂತ ಒಂದು ಇಂಚು ಜಾಸ್ತಿ. ಗಾರೆ ಕೆಲಸ ಇದು, ಲೇತ್ ಮೇಲೆ ಕಡೆದದ್ದಲ್ಲ.”

ಭಾವ ಆ ಅಂಕಿಯನ್ನೂ ಗುಣಿಸಿ ನೋಡಿದರು. ಶೇಷ ಸೊನ್ನೆ, ಮೇಲೆ ಚಿಲ್ಲರೆ.

“ಹಿಂದಿನಿಂದ ನೋಡಿದ್ರೆ ಕಾಗೆ,” ಎಂದರು. ಪಂಚಾಂಗದ ಪುಟವನ್ನು ಮಗುಚಿದರು, ಮತ್ತೆ ಹಿಂದಕ್ಕೆ ತಿರುಗಿಸಿದರು. ಯಾವ ಗೋಡೆ ಅಳೆಯಬೇಕು, ಯಾವ ಅಳತೆಯವರೆಗೆ ನಯವಾಗಿ ಅಳೆಯಬೇಕು ಎಂದು ಅದರಲ್ಲಿ ಬರೆದಿರಲಿಲ್ಲ. ಭಾವ ಮೊಂಡರಲ್ಲ. ತಾವು ಅಷ್ಟು ನೆಚ್ಚಿಕೊಂಡಿದ್ದ ಲೆಕ್ಕ ಹೀಗೆ ಅಂಗಳದಲ್ಲಿ ಅಡ್ಡಾಡುತ್ತಿರುವುದು ಕಂಡು ಅವರಿಗೆ ನಿಜವಾಗಿ ಕಷ್ಟವಾಗುತ್ತಿತ್ತು.

ಇಷ್ಟು ಹೊತ್ತು ಅಕ್ಕ ಎಲ್ಲಿದ್ದಾಳೆ ಎಂದು ಯಾರೂ ನೋಡಿರಲಿಲ್ಲ. ಅವಳು ಮುಂದಿನ ಹಾಲ್ ಒಳಗಿದ್ದಳು. ಕುತ್ತಿಗೆಗೆ ಹಾಕಿಕೊಂಡಿದ್ದ ಹೊಲಿಗೆ ಟೇಪಿನಿಂದ ಕಿಟಕಿಯ ಗೋಡೆಯನ್ನು ಅಳೆದು, ಬಾಗಿಲಿಗೆ ಬಂದು ನಿಂತಳು.

“ಮಿಷಿನ್ ಮೇಜು ಮೂರೂವರೆ ಅಡಿ,” ಎಂದಳು. “ಅರ್ಧ ಇಂಚು ಹೆಚ್ಚೇ ಇರಲಿ ಅಂತ ಹಿಡಿದೆ. ನಾಲ್ಕಕ್ಕೆ ಹದಿನಾಲ್ಕು ಅಡಿ ಎರಡು ಇಂಚು. ಗೋಡೆ ಹದಿನಾಲ್ಕು ಅಡಿ ನಾಲ್ಕು ಇಂಚು, ಅದನ್ನ ಅರ್ಧ ಇಂಚು ಕಮ್ಮಿ ಹಿಡಿದೆ. ಆದ್ರೂ ನಾಲ್ಕೂ ಕೂರ್ತವೆ.”

ಮಗಳು ಎದ್ದುನಿಂತಳು. “ದೊಡ್ಡಮ್ಮ, ನಮ್ಮ ಹಾಳೆಯ ಕೊನೆ ಲೆಕ್ಕ ಹಿಂಗೇ ಇದೆ! ಒಳಗೆ ಇಡೋದಕ್ಕೆ ಮೇಲಿನ ಗಡಿ, ಜಾಗಕ್ಕೆ ಕೆಳಗಿನ ಗಡಿ. ನಿಮಗೆ ಯಾರು ಹೇಳಿಕೊಟ್ರು?”

“ರವಿಕೆ ಬಿಗಿಯಾಯ್ತು ಅಂತ ಬೈಸಿಕೊಂಡ್ರೆ ತಾನಾಗೇ ಬರುತ್ತೆ,” ಎಂದಳು ಅಕ್ಕ. ಆಮೇಲೆ ಭಾವನ ಎದುರಿಗೆ ಬಂದಳು. “ಆರು ಉಳಿದಿವೆ ಅಂದ್ಲಲ್ಲ, ಅದ್ರಲ್ಲಿ ವೃಷಭ ಇದೆ ತಾನೇ?”

“ಇದೆ,” ಎಂದರು ಭಾವ.

“ಅಂದ್ರೆ ಈ ಮನೇಲಿ ಬಸವಣ್ಣ ಇದ್ರೂ ಇರ್ಬೋದು ಅಂತ ಲೆಕ್ಕ ಹೇಳ್ತಾ ಇದೆ. ಇಲ್ಲ ಅಂತ ನೀವು ಹೇಳ್ತೀರಾ?”

ಶಿವಭಕ್ತರ ಮನೆತನದವರು, ಹಣೆಗೆ ವಿಭೂತಿ ಇಡದೆ ಗಿರಣಿಯ ಬಾಗಿಲು ದಾಟದವರು, ಬಸವಣ್ಣ ಇಲ್ಲ ಎಂದು ಹೇಗೆ ಹೇಳಿಯಾರು? ಭಾವ ಅಕ್ಕನನ್ನು ನೋಡಿದರು, ಕಿಟಕಿಯನ್ನು ನೋಡಿದರು.

“ನಾನು ಹೇಳಲ್ಲಪ್ಪ,” ಎಂದು ಪಂಚಾಂಗ ಮಡಚಿ ಕಂಕುಳಲ್ಲಿಟ್ಟುಕೊಂಡರು. “ಎದುರಿಗೆ ಬಸವಣ್ಣ ಇದ್ದಾಗ ಕತ್ತೆಗೆ ಯಾಕೆ ಹೆದರ್ಬೇಕು. ಮಾತಾಡಿ ಮುಗಿಸಿ.”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡದ್ದು ಬೆವರಿಗಲ್ಲ ಎಂದು ನನಗೆ ಗೊತ್ತು.

ಸಾಬರು ಗಂಟಲು ಸರಿಮಾಡಿಕೊಂಡರು. “ಹಂಗಾದ್ರೆ ಅಮ್ಮ, ಕತ್ತೆ ಹೋಯ್ತು. ಕತ್ತೆ ಜೊತೆ ನನ್ನ ಅರವತ್ತು ಸಾವಿರನೂ ವಾಪಸ್ ಬಂತು. ಹೌದಲ್ಲ?”

ಅಳತೆಯಲ್ಲಿ ಸೋತರೂ ಮಾತಿನಲ್ಲಿ ಸೋಲಬಾರದು. “ಎಲ್ಲಿ ಹೋಯ್ತು ಸಾಬ್ರೇ? ಆರರಲ್ಲಿ ಒಂದು ಪಾಲು ಕತ್ತೆ ಇನ್ನೂ ಇಲ್ಲೇ ನಿಂತಿದೆ!”

“ಅಮ್ಮ, ಅದು ಹಂಗಲ್ಲ, ಆರಕ್ಕೂ ಸಮಪಾಲು ಬರಲ್ಲ...” ಎಂದು ಮಗಳು ಬಾಯಿ ತೆರೆದಳು. ಈ ಸಲ ಅವಳ ಬಾಯಿಗೆ ಕೈ ಅಡ್ಡ ಹಿಡಿದೆ.

ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಆಯ್ತು, ಆರರಲ್ಲಿ ಒಂದು ಪಾಲೇ ಬಿಡ್ತೀನಿ. ಹತ್ತು ಸಾವಿರ. ಇದು ನಿಮ್ಮ ಬಾಯಿಗೆ ಅಲ್ಲ, ಬೇಟಿ ಲೆಕ್ಕಕ್ಕೆ.”

ಅರವತ್ತು ಹೋಗಿ ಹತ್ತಾಯಿತು. ನನ್ನ ಚೌಕಾಸಿಯ ಜೀವನದಲ್ಲಿ ಇಂಥ ನಷ್ಟವನ್ನು ಇಷ್ಟು ಸಂತೋಷದಿಂದ ಒಪ್ಪಿಕೊಂಡದ್ದು ಇದೊಂದೇ ಸಲ.

ಮಾತು ಮುಗಿದ ಮೇಲೆ ಅಕ್ಕ ಸಾಬರನ್ನು, ಒಂದು ಮಿಷಿನ್ನನ್ನು ಈಗಲೇ ತಂದಿಡಬಹುದೇ ಎಂದು ಕೇಳಿದಳು. ನಾನು ಅವಳನ್ನು ಬದಿಗೆ ಎಳೆದೆ. “ಕಾಗದ ಪತ್ರ ಆಗಲಿ ಕಣೇ. ರಿಜಿಸ್ಟ್ರೇಷನ್‌ಗೆ ಮುಂಚೆ ಯಾರೂ ಸಾಮಾನು ತರಬಾರದು.” ನೂರು ಜನಕ್ಕೆ ಹೇಳಿ ನೂರು ಜನರೂ ಕೇಳಿದ ಬುದ್ಧಿಮಾತು ಅದು. ಅಕ್ಕ ಕೇಳಲಿಲ್ಲ. ಹಾಲ್ ಖಾಲಿ ಇದೆ, ತನ್ನಿ ಎಂದು ಸಾಬರೂ ಅಂದುಬಿಟ್ಟರು. ಮಧ್ಯಾಹ್ನದ ಊಟ ಕೂಡ ಮಾಡದೆ ತರಕಾರಿಯವನ ತಳ್ಳುಗಾಡಿ ಕೇಳಿ ತಂದರು. ಭಾವ ತಳ್ಳಿದರು, ಅಕ್ಕ ಮಿಷಿನ್ನಿನ ಚಕ್ರ ಹಿಡಿದುಕೊಂಡು ಪಕ್ಕದಲ್ಲಿ ನಡೆದಳು. ಮಗಳು, ನಾನು ಮೇಜು, ಬೆಂಚು ಹೊತ್ತು ಹಿಂದೆ ಹೋದೆವು.

ಮಿಷಿನ್ನನ್ನು ಕಿಟಕಿಯ ಕೆಳಗೆ ಇಟ್ಟ ಕೂಡಲೇ ಅಕ್ಕ ಬೆಂಚು ಎಳೆದು ಕೂತು, ಒಂದು ಚೂರು ಬಟ್ಟೆ ಸಿಕ್ಕಿಸಿ ತುಳಿಯತೊಡಗಿದಳು. ಖಾಲಿ ಹಾಲಿನಲ್ಲಿ ಆ ಕಟಕಟ ಸದ್ದು ನಾಲ್ಕು ಮಿಷಿನ್ನಿನಷ್ಟು ಕೇಳಿಸಿತು. ಒಳಗಿನ ಕೋಣೆಯಿಂದ ಸಾಬರು ಧಡಕ್ಕನೆ ಎದ್ದು ಬಂದರು. ಅಕ್ಕನ ಕಾಲು ತಾನಾಗಿಯೇ ನಿಂತಿತು. ಅವರು ಬಾಗಿಲಲ್ಲಿ ನಿಂತು, ತಲೆ ಓರೆ ಮಾಡಿ, “ನಿಲ್ಲಿಸಬೇಡಿ ಅಮ್ಮ, ಇನ್ನೊಂದು ಸಲ ತುಳೀರಿ,” ಎಂದರು. ಅಕ್ಕ ಮೆಲ್ಲಗೆ ತುಳಿದಳು.

“ಎಡಗಡೆ ಅಚ್ಚಿನ ಬುಷ್ ಒಣಗಿದೆ. ಎಣ್ಣೆ ಬಿಟ್ಟು ಎಷ್ಟು ದಿನ ಆಯ್ತು?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಎಣ್ಣೆ ಡಬ್ಬಿ ತರಲು ಒಳಗೆ ಹೋದರು.